ಎರಡು ಇನ್‌ಪುಟ್ ಇರುವ ಫಿಲ್ಟರ್: ಸಿಮ್ಯುಲೇಶನ್‌ನಲ್ಲಿ ಬರೀ ಮಟ್ಟಸ ಗೆರೆ ಬರ್ತಿದೆ, ಯಾಕೆ?

ಬೆಣ್ಣೆದೋಸೆ_ಇಸಿ
ಎಲ್ಲರಿಗೂ ನಮಸ್ಕಾರ. ದಾವಣಗೆರೆ, ಐದನೇ ಸೆಮಿಸ್ಟರ್, ಎಲೆಕ್ಟ್ರಾನಿಕ್ಸ್. ಮಿನಿ ಪ್ರಾಜೆಕ್ಟ್ ವಿಷಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಸ್ಯಾಲೆನ್-ಕೀ ಲೋ ಪಾಸ್ ಫಿಲ್ಟರ್ (ಆಪ್ ಆಂಪ್ ಅನ್ನೋ ಆಂಪ್ಲಿಫಯರ್ ಐಸಿ ಇಟ್ಟು, ಕೆಳಗಿನ ಫ್ರೀಕ್ವೆನ್ಸಿ ಮಾತ್ರ ಬಿಡುವ ಸರ್ಕ್ಯೂಟ್) ತಗೊಂಡು ಅದಕ್ಕೆ ಎರಡನೇ ಇನ್‌ಪುಟ್ ಕೊಟ್ಟಿದ್ದೇನೆ. ಆಪ್ ಆಂಪ್‌ನ ಪ್ಲಸ್ ಪಿನ್‌ನಿಂದ ಗ್ರೌಂಡ್‌ಗೆ ಒಂದು ಕೆಪಾಸಿಟರ್ ಇರುತ್ತಲ್ಲ, ಅದರ ಕಾಲನ್ನು ಗ್ರೌಂಡ್‌ನಿಂದ ಎತ್ತಿ ಅಲ್ಲಿಗೆ ವಿ2 ಜೋಡಿಸಿದ್ದೇನೆ. ವಿ1ನಿಂದ ಬಾಸ್ ಬರಬೇಕು, ವಿ2ನಿಂದ ಟ್ರೆಬಲ್ ಬರಬೇಕು, ಎರಡೂ ಒಂದೇ ಔಟ್‌ಪುಟ್‌ನಲ್ಲಿ ಬೆರೆಯಬೇಕು. ರೆಸಿಸ್ಟರ್ ಎರಡೂ 10 ಕೆ. ಔಟ್‌ಪುಟ್‌ನಿಂದ ವಾಪಸ್ ಬರುವ ಸಿ1 22 ನ್ಯಾನೊ, ಪ್ಲಸ್ ಪಿನ್‌ನ ಸಿ2 10 ನ್ಯಾನೊ. ಗೇನ್ 1. ಲೆಕ್ಕದ ಪ್ರಕಾರ 1.07 ಕಿಲೋಹರ್ಟ್ಜ್ ಹತ್ತಿರ ಕಟ್ ಆಗಬೇಕು. ಸದ್ಯಕ್ಕೆ ಐಡಿಯಲ್ (ಯಾವ ಕೊರತೆಯೂ ಇಲ್ಲದ) ಆಪ್ ಆಂಪ್.

ಎಲ್‌ಟಿಸ್ಪೈಸ್ ಸಿಮ್ಯುಲೇಟರ್‌ನಲ್ಲಿ ಎರಡೂ ಸೋರ್ಸ್‌ಗೆ ಎಸಿ 1 (1 ವೋಲ್ಟ್ ಪರೀಕ್ಷೆ ಸಿಗ್ನಲ್) ಕೊಟ್ಟು, 10 ಹರ್ಟ್ಜ್‌ನಿಂದ 100 ಕಿಲೋಹರ್ಟ್ಜ್‌ವರೆಗೆ ಓಡಿಸಿದೆ. 0 ಡಿಬಿಯಲ್ಲಿ (ಅಂದ್ರೆ ಇನ್‌ಪುಟ್‌ನಷ್ಟೇ ಔಟ್‌ಪುಟ್) ಸ್ಕೇಲ್ ಇಟ್ಟು ಎಳೆದ ಗೆರೆ ಬಂತು. ಬಾಗೋದೂ ಇಲ್ಲ, ಬೀಳೋದೂ ಇಲ್ಲ. ಗೈಡ್ ನೋಡಿ "ಇದು ಫಿಲ್ಟರ್ ಅಲ್ಲಪ್ಪ, ವೈರು" ಅಂದ್ರು. ಎಲ್ಲಿ ಕೆಟ್ಟಿದೆ?

ಕೋಟೆಹುಡುಗ
ಎರಡು ಸೋರ್ಸ್ ಒಟ್ಟಿಗೆ ಇಟ್ರೆ ಹೀಗೇ ಆಗೋದು. ವಿ2 ಡಿಲೀಟ್ ಮಾಡಿ ಒಂದ್ಸಲ ಓಡಿಸು. ಆಮೇಲೆ ವಿ1 ಡಿಲೀಟ್ ಮಾಡಿ ಇನ್ನೊಂದ್ಸಲ. ಮುಗೀತು.

ಸುಮ್ನೆ_ಓದುವವ
ಗೈಡ್ ಡೈಲಾಗ್ ಸೂಪರ್.

ಬೆಣ್ಣೆದೋಸೆ_ಇಸಿ
@ಕೋಟೆಹುಡುಗ ವಿ2 ಡಿಲೀಟ್ ಮಾಡಿದೆ ಅಣ್ಣ. ನೋಡ್ ಫ್ಲೋಟಿಂಗ್ ಇದೆ ಅಂತ ಮೊದಲು ಬೈದುಕೊಂಡಿತು. ಆಮೇಲೆ ಮತ್ತೆ ಅದೇ ಗೆರೆ! 0 ಡಿಬಿ. ಈಗ ತಲೆ ಪೂರ್ತಿ ಕೆಟ್ಟಿದೆ.

ಜೋಗಿಮಟ್ಟಿ_ಗಾಳಿ
ಡಿಲೀಟ್ ಮಾಡಬಾರದು. ವಿ2 ತೆಗೆದರೆ ಸಿ2 ಕಾಲು ಗಾಳಿಯಲ್ಲಿ ನೇತಾಡುತ್ತೆ. ಅದರಲ್ಲಿ ಕರೆಂಟ್ ಹರಿಯೋದಿಲ್ಲ, ಹಾಗಾಗಿ ರೆಸಿಸ್ಟರ್‌ಗಳಲ್ಲೂ ಹರಿಯೋದಿಲ್ಲ. ವಿ1 ಹಾಗೇ ಪ್ಲಸ್ ಪಿನ್‌ಗೆ ಹೋಗಿ ಹಾಗೇ ಔಟ್‌ಪುಟ್‌ಗೆ ಬರುತ್ತೆ. ಎರಡನೇ ಗೆರೆ ಬಂದಿದ್ದು ಅದಕ್ಕೆ.

ಮಾಡಬೇಕಾದ್ದು ಇಷ್ಟು. ವಿ2 ಇದ್ದಲ್ಲೇ ಇರಲಿ, ಅದರ ಎಸಿ ಬೆಲೆ ಮಾತ್ರ 0 ಮಾಡಿ. ವೋಲ್ಟೇಜ್ ಸೋರ್ಸ್‌ಗೆ 0 ಅಂದ್ರೆ ಶಾರ್ಟ್, ಅಂದ್ರೆ ಸಿ2 ಕಾಲು ಗ್ರೌಂಡ್‌ಗೆ ಬಂತು. ಆಗ ಸಿಗೋದು ವಿ1ನ ರೆಸ್ಪಾನ್ಸ್. ಆಮೇಲೆ ವಿ1ಗೆ 0, ವಿ2ಗೆ 1. ಅದು ವಿ2ನದ್ದು. ಕರೆಂಟ್ ಸೋರ್ಸ್ ಆಗಿದ್ರೆ 0 ಅಂದ್ರೆ ಓಪನ್, ಅಲ್ಲಿ ಡಿಲೀಟ್ ಮಾಡಿದ್ರೂ ನಡೆಯುತ್ತೆ.

ಮೊದಲು ಬಂದ ಗೆರೆಗೆ ಕಾರಣ ಬೇರೆ. ಎರಡಕ್ಕೂ ಎಸಿ 1 ಕೊಟ್ಟರೆ "ಒಂದೇ ಸಿಗ್ನಲ್ ಎರಡೂ ಕಡೆ ಕೊಟ್ಟಿದ್ದೇನೆ, ಔಟ್‌ಪುಟ್ ಎಷ್ಟು?" ಅಂತ ಕೇಳಿದ ಹಾಗೆ. ನಿಮ್ಮ ಸರ್ಕ್ಯೂಟ್‌ನಲ್ಲಿ ಗ್ರೌಂಡ್‌ಗೆ ಹೋಗುವ ದಾರಿ ಈಗ ಒಂದೂ ಉಳಿದಿಲ್ಲ. ಎರಡು ತುದಿಯೂ ಒಂದೇ ವೋಲ್ಟೇಜ್‌ನಲ್ಲಿ ಒಟ್ಟಿಗೆ ಏರಿ ಇಳಿದರೆ ಯಾವ ಪಾರ್ಟ್‌ನಲ್ಲೂ ಕರೆಂಟ್ ಹರಿಯಲು ಕಾರಣವೇ ಇಲ್ಲ. ಔಟ್‌ಪುಟ್ ಕೂಡ ಅದೇ ವೋಲ್ಟೇಜ್. ಯಾವ ಫ್ರೀಕ್ವೆನ್ಸಿಯಲ್ಲಾದರೂ ಸರಿ.

ಕೋಟೆಹುಡುಗ
ನೆಟ್‌ವರ್ಕ್ ಅನಾಲಿಸಿಸ್ ಕ್ಲಾಸಲ್ಲಿ ನಮಗೆ "ಬೇರೆ ಸೋರ್ಸ್ ತೆಗೆಯಿರಿ" ಅಂತಾನೇ ಹೇಳಿದ್ದು. ಸೂಪರ್‌ಪೊಸಿಷನ್ (ಒಂದೊಂದೇ ಸೋರ್ಸ್‌ಗೆ ಲೆಕ್ಕ ಹಾಕಿ ಕೂಡಿಸೋದು) ಅಂದ್ರೆ ಅದೇ ಅಲ್ವಾ?

ಜೋಗಿಮಟ್ಟಿ_ಗಾಳಿ
ತೆಗೆದು, ಆ ಜಾಗದಲ್ಲಿ ಶಾರ್ಟ್ ಹಾಕಬೇಕು. ಆ ಎರಡನೇ ಅರ್ಧ ಪರೀಕ್ಷೆ ಮುಗಿದ ಮಾರನೇ ದಿನ ಎಲ್ಲರಿಗೂ ಮರೆತುಹೋಗುತ್ತೆ.

ಮೈಕ್‌ಸೆಟ್_ರಿಪೇರಿ
ಒಂದ್ನಿಮಿಷ ಇರ್ರಿ. ನಾನು ಡಿಗ್ರಿ ಓದಿದವನಲ್ಲ, ಮಿಕ್ಸರ್ ಬಿಚ್ಚಿ ಹಾಕೋನು. ಹುಡುಗ ಹೇಳಿದ್ದು ಪೂರ್ತಿ ಸುಳ್ಳಲ್ಲ. ಜಾಕ್ ಎಳೆದು ಬಿಟ್ರೆ ನಿಜವಾಗಿ ಓಪನ್ನೇ ಆಗೋದು. ಶಾರ್ಟ್ ಆಗುತ್ತೇನ್ರಿ?

ಎರಡು 10 ಕೆ ರೆಸಿಸ್ಟರ್ ಸೇರಿಸಿ ಮಾಡಿದ ಸಸ್ತಾ ಮಿಕ್ಸರ್ ನೋಡಿ. ಎರಡೂ ಜಾಕ್ ಹಾಕಿದ್ರೆ ಒಂದೊಂದು ಸಿಗ್ನಲ್ ಅರ್ಧ ಆಗುತ್ತೆ. ಒಂದು ಜಾಕ್ ಎಳೀರಿ, ಉಳಿದದ್ದು ತಟ್ಟನೆ ದುಪ್ಪಟ್ಟು. ಆರ್ಕೆಸ್ಟ್ರಾ ನಡುವೆ ಕೀಬೋರ್ಡ್‌ನವನು ವೈರ್ ಎಳೆದ ಅಂದ್ರೆ ಹಾಡುವವರ ಗಂಟಲು ಸ್ಪೀಕರ್ ಹರಿದುಕೊಂಡು ಬರುತ್ತೆ. ದುಗ್ಗಮ್ಮನ ಜಾತ್ರೆ ಟೈಮಲ್ಲಿ ಇಂಥದ್ದು ಎಷ್ಟು ನೋಡಿಲ್ಲ.

ಜೋಗಿಮಟ್ಟಿ_ಗಾಳಿ
ಇದು ಒಳ್ಳೆ ಪಾಯಿಂಟ್. ಜಾಕ್ ಹಾಕಿ ಸುಮ್ಮನಿರುವ ಇನ್‌ಪುಟ್‌ಗೆ ಎಸಿ 0. ಜಾಕ್ ಎಳೆದ ಇನ್‌ಪುಟ್‌ಗೆ ಓಪನ್. ಎರಡೂ ನಿಜವಾದ ಸ್ಥಿತಿಗಳೇ, ಎರಡನ್ನೂ ಓಡಿಸಿ ನೋಡಬೇಕು. ಆದ್ರೆ ವಿ2 ಓಪನ್ ಇಟ್ಟು ಬಂದ ಗ್ರಾಫನ್ನು "ವಿ1ನ ರೆಸ್ಪಾನ್ಸ್" ಅಂತ ರಿಪೋರ್ಟ್‌ನಲ್ಲಿ ಹಾಕೋದು ತಪ್ಪು.

ನೀವು ಹೇಳಿದ ಸಮಸ್ಯೆಗೆ ಆಪ್ ಆಂಪ್‌ನ ಇನ್‌ವರ್ಟಿಂಗ್ ಸಮ್ಮರ್ ಮದ್ದು. ರೆಸಿಸ್ಟರ್‌ಗಳು ಸೇರುವ ಜಾಗ ವರ್ಚುವಲ್ ಗ್ರೌಂಡ್ (ಆಪ್ ಆಂಪ್ ಅದನ್ನು 0 ವೋಲ್ಟ್‌ನಲ್ಲೇ ಹಿಡಿದಿರುತ್ತೆ), ಹಾಗಾಗಿ ಒಂದು ಜಾಕ್ ಎಳೆದ್ರೆ ಇನ್ನೊಂದಕ್ಕೆ ಗೊತ್ತೇ ಆಗೋದಿಲ್ಲ.

ಮೈಕ್‌ಸೆಟ್_ರಿಪೇರಿ
ಗೊತ್ತಾಗುತ್ತೆ ಸಾರ್. 741 ಆಪ್ ಆಂಪ್ ಹಾಕಿದ ಎಂಟು ಚಾನೆಲ್ ಹಳೇ ಮಿಕ್ಸರ್‌ನಲ್ಲಿ ಸುಂಯ್ ಅನ್ನೋ ಸದ್ದು ಎಲ್ಲಿಂದ ಬರುತ್ತೆ ಹೇಳಿ?

ಜೋಗಿಮಟ್ಟಿ_ಗಾಳಿ
ಹೌದು, ಅದು ನಾಯ್ಸ್ ಗೇನ್. ಎಂಟು 10 ಕೆ ಇನ್‌ಪುಟ್, ಫೀಡ್‌ಬ್ಯಾಕ್ 10 ಕೆ. ಪ್ರತಿ ಇನ್‌ಪುಟ್‌ಗೆ ಗೇನ್ 1, ಆದ್ರೆ ಆಪ್ ಆಂಪ್ ತನ್ನ ನಾಯ್ಸನ್ನು 9 ಪಟ್ಟು ಮಾಡುತ್ತೆ. ಬ್ಯಾಂಡ್‌ವಿಡ್ತ್ ಕೂಡ 9ರಿಂದ ಭಾಗ ಆಗುತ್ತೆ. 741ನ 1 ಮೆಗಾಹರ್ಟ್ಜ್ ಇಳಿದು ಸುಮಾರು 110 ಕಿಲೋಹರ್ಟ್ಜ್. ಟಿಎಲ್072 ಹಾಕಿದ್ರೆ 3 ಮೆಗಾಹರ್ಟ್ಜ್‌ನಿಂದ 330 ಕಿಲೋ. ಐಡಿಯಲ್ ಆಪ್ ಆಂಪ್ ಇಟ್ಟು ಸಿಮ್ಯುಲೇಟ್ ಮಾಡಿದ್ರೆ ಇದ್ಯಾವುದೂ ಕಾಣೋದಿಲ್ಲ.

ಬೆಣ್ಣೆದೋಸೆ_ಇಸಿ
ಬಂತು ಬಂತು!! ವಿ1 ಒಂದೇ ಇಟ್ಟಾಗ ಚೆಂದದ ಲೋ ಪಾಸ್, 1.12 ಕಿಲೋಹರ್ಟ್ಜ್‌ನಲ್ಲಿ ಮೈನಸ್ 3 ಡಿಬಿ. ವಿ2 ಒಂದೇ ಇಟ್ಟಾಗ ಹೈ ಪಾಸ್. ಆದ್ರೆ ಈ ಹೈ ಪಾಸ್ ಸ್ವಲ್ಪ ವಿಚಿತ್ರ. 1.3 ಕಿಲೋಹರ್ಟ್ಜ್ ಹತ್ತಿರ 0 ಡಿಬಿಗಿಂತ 2 ಡಿಬಿ ಮೇಲೆ ಗುಡ್ಡ ಎದ್ದಿದೆ. ಕೆಳಗಡೆ ಇಳಿಜಾರು ದಶಕಕ್ಕೆ (ಅಂದ್ರೆ ಫ್ರೀಕ್ವೆನ್ಸಿ ಹತ್ತು ಪಟ್ಟಾದಾಗ) 20 ಡಿಬಿ ಮಾತ್ರ. ಲೋ ಪಾಸ್ ಕಡೆ 40 ಇದೆ. ಎರಡೂ ಸೆಕೆಂಡ್ ಆರ್ಡರ್ ಅಲ್ವಾ?

ಇನ್ನೊಂದು. ಸುಮ್ನೆ ಕೂಡಿಸಿ ನೋಡಿದೆ. 1.07 ಕಿಲೋಹರ್ಟ್ಜ್‌ನಲ್ಲಿ ವಿ1ನಿಂದ 0.74, ವಿ2ನಿಂದ 1.25. ಒಟ್ಟು 1.99 ಆಗಬೇಕಲ್ಲ, 1 ಹೇಗಾಯ್ತು?

ಹಳೇಲ್ಯಾಬ್
ಫೇಸ್ ಬಿಟ್ಟು ಕೂಡಿಸಿದ್ದೀಯಪ್ಪ. ಆ ಫ್ರೀಕ್ವೆನ್ಸಿಯಲ್ಲಿ ವಿ1ನ ಪಾಲು ಸರಿಯಾಗಿ 90 ಡಿಗ್ರಿ ಹಿಂದಿದೆ, ಅಂದ್ರೆ ಮೈನಸ್ ಜೆ 0.74 (ಜೆ ಅಂದ್ರೆ 90 ಡಿಗ್ರಿ ತಿರುವಿನ ಗುರುತು). ವಿ2ನ ಪಾಲು 1 ಪ್ಲಸ್ ಜೆ 0.74. ಕೂಡಿಸು. ಜೆ ಇರುವ ಎರಡೂ ಹೊಡೆದುಹೋಗಿ 1 ಉಳಿಯಿತು. ಗ್ರಾಫ್ ತೋರಿಸುವುದು ಬರೀ ಉದ್ದ, ಸಿಮ್ಯುಲೇಟರ್ ಒಳಗೆ ಇಟ್ಟುಕೊಂಡಿರುವುದು ಕಾಂಪ್ಲೆಕ್ಸ್ ಸಂಖ್ಯೆ. ಡಿಬಿಯಲ್ಲಿ ಕೂಡಿಸುವವರಿಗಂತೂ ನಾನು ವೈವಾದಲ್ಲಿ ಮಾರ್ಕ್ಸೇ ಕೊಡುತ್ತಿರಲಿಲ್ಲ.

ಇಳಿಜಾರಿನ ವಿಷಯ. ಎರಡು ರೆಸ್ಪಾನ್ಸ್‌ಗಳ ಸೂತ್ರದಲ್ಲಿ ಡಿನಾಮಿನೇಟರ್ ಒಂದೇ, ಪೋಲ್‌ಗಳು (ಅದು ಸೊನ್ನೆ ಆಗುವ ಜಾಗಗಳು) ಸರ್ಕ್ಯೂಟ್‌ನವು. ನ್ಯೂಮರೇಟರ್ ಮಾತ್ರ ಇನ್‌ಪುಟ್‌ನಿಂದ ಇನ್‌ಪುಟ್‌ಗೆ ಬೇರೆ. ಲೋ ಪಾಸ್‌ನದ್ದು 1. ಒಟ್ಟು 1 ಆಗಬೇಕಾದರೆ ಹೈ ಪಾಸ್‌ಗೆ ಉಳಿದದ್ದೆಲ್ಲ ಹೋಗಬೇಕು, ಅಂದರೆ ಎಸ್ (ಸೂತ್ರದಲ್ಲಿ ಫ್ರೀಕ್ವೆನ್ಸಿಯ ಗುರುತು) ಇರುವ ಪದವೂ ಎಸ್ ವರ್ಗ ಇರುವ ಪದವೂ. ಆ ಎಸ್ ಪದದಿಂದಲೇ ನಿನ್ನ 20 ಡಿಬಿ ಇಳಿಜಾರು, ಆ ಗುಡ್ಡವೂ ಅದರದ್ದೇ.

ಸ್ಯಾಲೆನ್ ಮತ್ತು ಕೀ ಈ ಸರ್ಕ್ಯೂಟ್ ಪ್ರಕಟಿಸಿದ್ದು 1955ರಲ್ಲಿ, ಎಂಐಟಿಯ ಲಿಂಕನ್ ಲ್ಯಾಬ್‌ನಿಂದ. ಆಗ ಸ್ಪೈಸ್ (ನಿನ್ನ ಎಲ್‌ಟಿಸ್ಪೈಸ್‌ನ ಮೂಲ ಸಿಮ್ಯುಲೇಟರ್) ಇಲ್ಲ. ಬರ್ಕ್‌ಲಿಯಲ್ಲಿ ಪೀಡರ್ಸನ್ ಅವರ ಕೈಕೆಳಗೆ ನೇಗಲ್ ಸ್ಪೈಸ್ ಹೊರತಂದಿದ್ದು 1973ರಲ್ಲಿ. ನಾವು ಓದುವಾಗಲೂ ಸೆಮಿಲಾಗ್ ಹಾಳೆ ಮೇಲೆ ಪೆನ್ಸಿಲ್‌ನಲ್ಲಿ ಚುಕ್ಕೆ ಇಡುತ್ತಿದ್ದೆವು.

ಸುಮ್ನೆ_ಓದುವವ
ಸೆಮಿಲಾಗ್ ಹಾಳೆ ಈಗಲೂ ಕೊಡ್ತಾರೆ ಸಾರ್. ನಾವು ಫೋನ್‌ನಲ್ಲಿ ಗ್ರಾಫ್ ನೋಡಿಕೊಂಡು ಅದರ ಮೇಲೆ ಚುಕ್ಕೆ ಇಡ್ತೀವಿ.

ಚಳ್ಳಕೆರೆ_ಶೇಂಗಾ
ತಡವಾಗಿ ಬಂದೆ. ಆ ಮಟ್ಟಸ ಗೆರೆ ನೋಡಿ ನಿಮ್ಮ ಗೈಡ್ ಬೈಯಬಾರದಿತ್ತು, ಬೆನ್ನು ತಟ್ಟಬೇಕಿತ್ತು. ಇದಕ್ಕೆ ಕಾಂಪ್ಲಿಮೆಂಟರಿ ಫಿಲ್ಟರ್ ಅಂತಾರೆ. ಡ್ರೋನ್‌ನಲ್ಲಿ ವಾಲಿಕೆ ಅಳೆಯೋದು ಹೀಗೇ. ಆಕ್ಸೆಲೆರೋಮೀಟರ್ ಹೇಳುವ ಕೋನ ನಿಧಾನಕ್ಕೆ ಸರಿ ಇರುತ್ತೆ, ಆದ್ರೆ ಮೋಟರ್ ನಡುಕಕ್ಕೆ ಕುಣಿಯುತ್ತೆ. ಅದಕ್ಕೆ ಲೋ ಪಾಸ್. ಜೈರೋದಿಂದ ಲೆಕ್ಕ ಹಾಕಿದ ಕೋನ ತಕ್ಷಣಕ್ಕೆ ಸರಿ, ಆದ್ರೆ ಹೊತ್ತು ಹೋದಂತೆ ಜಾರುತ್ತೆ. ಅದಕ್ಕೆ ಹೈ ಪಾಸ್. ಎರಡೂ ಒಂದೇ ನಿಜವಾದ ಕೋನವನ್ನು ಹೇಳುತ್ತಿರುವುದರಿಂದ ಮೊತ್ತ ಎಲ್ಲಾ ಫ್ರೀಕ್ವೆನ್ಸಿಯಲ್ಲೂ 1 ಇರಲೇಬೇಕು.

ಆ ಗೆರೆಯೇ ನಿಮ್ಮ ಸರ್ಕ್ಯೂಟ್ ಸರಿ ಇದೆ ಅನ್ನೋದಕ್ಕೆ ಸಾಕ್ಷಿ. ರಿಪೋರ್ಟ್‌ನಲ್ಲಿ ಮೊದಲ ಪುಟಕ್ಕೇ ಹಾಕಿ.

ಜೋಗಿಮಟ್ಟಿ_ಗಾಳಿ
ಸಾಕ್ಷಿ ಅನ್ನೋದು ಜಾಸ್ತಿ ಆಯ್ತು. ಸಿ1 22 ನ್ಯಾನೊ ಬದಲು 2.2 ನ್ಯಾನೊ ಹಾಕಿ ನೋಡಿ. ಗೆರೆ ಅಲ್ಲಾಡೋದಿಲ್ಲ. 10 ಕೆ ಜಾಗಕ್ಕೆ 1 ಮೆಗ್ ಹಾಕಿ. ಆಗಲೂ ಇಲ್ಲ. ಕರೆಂಟೇ ಹರಿಯದ ಮೇಲೆ ಬೆಲೆ ಎಷ್ಟಾದ್ರೇನು? ಗ್ರೌಂಡ್‌ಗೆ ದಾರಿ ಇಲ್ಲ ಅನ್ನೋದನ್ನು ಬಿಟ್ಟು ಆ ಗೆರೆ ಬೇರೇನೂ ಹೇಳಲ್ಲ. ಒಂದೊಂದು ಇನ್‌ಪುಟ್‌ನ ಗ್ರಾಫ್ ಬೇರೆ ಬೇರೆ ಇಲ್ಲದಿದ್ದರೆ ಕಟ್ ಆಫ್ 1 ಕಿಲೋನೋ 10 ಕಿಲೋನೋ ಯಾರಿಗೂ ಗೊತ್ತಾಗಲ್ಲ.

ಚಳ್ಳಕೆರೆ_ಶೇಂಗಾ
ಬೆಲೆ ಬದಲಾದ್ರೂ ಮೊತ್ತ 1 ಇರುತ್ತೆ ಅನ್ನೋದೇ ಇದರ ಗುಣ ಸ್ವಾಮಿ! 10 ಪರ್ಸೆಂಟ್ ಕೆಪಾಸಿಟರ್ ಹಾಕಿದ್ರೂ ನನ್ನ ಕೋನ ಕೆಡಲ್ಲ.

ಜೋಗಿಮಟ್ಟಿ_ಗಾಳಿ
ಸೆನ್ಸರ್‌ಗೆ ಗುಣ. ಪರೀಕ್ಷೆಗೆ ದೋಷ. ಹುಡುಗ ಕೇಳಿದ್ದು ಬಾಸ್, ಟ್ರೆಬಲ್. ಎರಡು ಕಡೆಯಿಂದ ಬೇರೆ ಬೇರೆ ಹಾಡು ಬರುವಾಗ ಮೊತ್ತದ ಗ್ರಾಫ್‌ಗೆ ಅರ್ಥವೇ ಇಲ್ಲ. ವಿ1ನ ಹಾಡಿನ ಮೇಲೆ ವಿ1ನ ಗ್ರಾಫ್, ವಿ2ನ ಹಾಡಿನ ಮೇಲೆ ವಿ2ನ ಗ್ರಾಫ್, ಅಷ್ಟೆ.

ಮೈಕ್‌ಸೆಟ್_ರಿಪೇರಿ
ನೀವಿಬ್ರೂ ಜಗಳ ಮುಗಿಸಿ ಇದು ಹೇಳಿ. ವಿ2 ಕಡೆ ವಾಲ್ಯೂಮ್ ಪಾಟ್ ಇಡ್ತಾನೋ ಇಲ್ವೋ? ಟ್ರೆಬಲ್ ಜಾಸ್ತಿ ಕಮ್ಮಿ ಮಾಡೋಕೆ ಬೇಕೇ ಬೇಕಲ್ಲ.

ಬೆಣ್ಣೆದೋಸೆ_ಇಸಿ
ಹೌದು ಅಂಕಲ್, ಎರಡೂ ಕಡೆ 10 ಕೆ ಪಾಟ್ ಪ್ಲಾನ್ ಇದೆ. ಸಿಮ್ಯುಲೇಶನ್‌ನಲ್ಲಿ ಹಾಕಿಲ್ಲ.

ಮೈಕ್‌ಸೆಟ್_ರಿಪೇರಿ
ಹಾಗಾದ್ರೆ ಈ ಗ್ರಾಫ್ ನಂಬ್ಕೊಂಡು ಬೋರ್ಡ್ ಮಾಡ್ಬೇಡ. ಪಾಟ್ ನಡುವೆ ನಿಲ್ಲಿಸಿದ್ರೆ ಮೇಲೆ 5 ಕೆ, ಕೆಳಗೆ 5 ಕೆ, ಹೊರಗಿನಿಂದ ನೋಡೋನಿಗೆ 2.5 ಕೆ. ಅದು ಸಿ2 ಜೊತೆ ಸೀರೀಸ್ ಆಗಿ ಕೂತ್ಕೊಳ್ಳುತ್ತೆ. ಟ್ರೆಬಲ್ ತಿರುಗಿಸಿದ್ರೆ ಬಾಸ್ ಕೂಡ ಅಲ್ಲಾಡುತ್ತೆ. ಗಿರಾಕಿ ಬಂದು "ಒಂದು ತಿರುಗಿಸಿದ್ರೆ ಎರಡು ಬದಲಾಗುತ್ತೆ" ಅಂತಾರೆ, ನಾವು ತಲೆ ಕೆರ್ಕೊಳ್ತೀವಿ.

ಜೋಗಿಮಟ್ಟಿ_ಗಾಳಿ
ಮೇಲಿನದ್ದನ್ನು ಎರಡು ಸಲ ಓದಿ. ವಿ2ಗೆ ಎಸಿ 0 ಕೊಟ್ಟಾಗಲೂ ಆ 2.5 ಕೆ ಅಲ್ಲೇ ಇರಬೇಕು. ಹಾಗಿಟ್ಟರೆ ಮಾತ್ರ ವಿ1ನ ಗ್ರಾಫ್ ಹಾಳಾಗೋದು ಕಾಣುತ್ತೆ. ಎರಡು ಪಾಟ್ ನಂತರ ಒಂದೊಂದು ಬಫರ್ (ಪಾಟ್‌ನ ರೆಸಿಸ್ಟನ್ಸ್ ಫಿಲ್ಟರ್‌ಗೆ ತಟ್ಟದ ಹಾಗೆ ತಡೆಯುವ, ಗೇನ್ 1ರ ಆಪ್ ಆಂಪ್) ಹಾಕಿ. ಟಿಎಲ್074 ತಗೊಂಡ್ರೆ ಒಂದೇ ಐಸಿಯಲ್ಲಿ ನಾಲ್ಕು ಆಪ್ ಆಂಪ್. ಫಿಲ್ಟರ್‌ಗೆ ಒಂದು, ಬಫರ್‌ಗೆ ಎರಡು, ಒಂದು ಮಿಕ್ಕುತ್ತೆ.

ಹರಿಹರದ_ಸೇತುವೆ
ಪ್ರತಿ ಸಲ 0, 1 ಕೈಯಲ್ಲಿ ಬದಲಾಯಿಸೋದು ಬೇಜಾರು. ಒಂದೇ ಗ್ರಾಫ್‌ನಲ್ಲಿ ಎರಡೂ ಕರ್ವ್ ಬರುವ ಹಾಗೆ ಆಗಲ್ವಾ? ನಮ್ಮ ಲ್ಯಾಬ್‌ನಲ್ಲಿ ಐಐಟಿ ಬಾಂಬೆಯವರ ಇಸಿಮ್ ಸಿಮ್ಯುಲೇಟರ್ ಇದೆ, ಎಲ್‌ಟಿಸ್ಪೈಸ್ ಇಲ್ಲ.

ಜೋಗಿಮಟ್ಟಿ_ಗಾಳಿ
ಎಲ್‌ಟಿಸ್ಪೈಸ್‌ನಲ್ಲಿ ಎಸಿ ಬೆಲೆ ಜಾಗದಲ್ಲಿ ಹೂವಿನ ಬ್ರಾಕೆಟ್ ಒಳಗೆ ಒಂದು ಪ್ಯಾರಾಮೀಟರ್ ಬರೆಯಿರಿ. ಅದು 1 ಆದಾಗ ವಿ1ಗೆ 1, 2 ಆದಾಗ ವಿ2ಗೆ 1, ಇಲ್ಲದಿದ್ದರೆ 0 ಅಂತ ಇಫ್ ಹಾಕಿ. ಸ್ಟೆಪ್ ಪ್ಯಾರಾಮ್‌ನಿಂದ 1, 2 ಓಡಿಸಿ. ಎರಡೂ ಕರ್ವ್ ಒಂದರ ಮೇಲೊಂದು ಬರುತ್ತೆ.

ಇಸಿಮ್ ಒಳಗೆ ಓಡೋದು ಎನ್‌ಜಿಸ್ಪೈಸ್. ಅಲ್ಲಿ ಕಂಟ್ರೋಲ್ ಬ್ಲಾಕ್‌ನಲ್ಲಿ ಆಲ್ಟರ್ ಕಮಾಂಡ್‌ನಿಂದ ಸೋರ್ಸ್‌ನ ಎಸಿಮ್ಯಾಗ್ ಬದಲಾಯಿಸಿ, ಎರಡು ಸಲ ಎಸಿ ಓಡಿಸಿ, ಎರಡನ್ನೂ ಒಟ್ಟಿಗೆ ಪ್ಲಾಟ್ ಮಾಡಿ.

ಹಳೇಲ್ಯಾಬ್
ಇಷ್ಟೆಲ್ಲ ಯಾಕೆ? ಸರ್ಕ್ಯೂಟನ್ನು ಅದೇ ಹಾಳೆಯಲ್ಲಿ ಎರಡು ಕಾಪಿ ಮಾಡಿ ಇಡಿ. ಒಂದರಲ್ಲಿ ವಿ1 ಜೀವಂತ, ಇನ್ನೊಂದರಲ್ಲಿ ವಿ2. ಮೂರನೇ ಕಾಪಿಯಲ್ಲಿ ಎರಡೂ. ಒಂದೇ ರನ್, ಮೂರೂ ಕರ್ವ್. ನೋಡುವವನಿಗೂ ಅರ್ಥ ಆಗುತ್ತೆ.

ಕೋಟೆಹುಡುಗ
ನಾನಂತೂ ಟ್ರಾನ್ಸಿಯೆಂಟ್ (ಕ್ಷಣ ಕ್ಷಣದ ಅಲೆ ಲೆಕ್ಕ ಹಾಕೋದು) ಮಾಡ್ತೀನಿ. ವಿ1ಗೆ 200 ಹರ್ಟ್ಜ್ ಸೈನ್, ವಿ2ಗೆ 5 ಕಿಲೋ ಸೈನ್, ಎಫ್‌ಎಫ್‌ಟಿ (ಅಲೆಯಲ್ಲಿ ಯಾವ ಫ್ರೀಕ್ವೆನ್ಸಿ ಎಷ್ಟಿದೆ ಅನ್ನೋ ಲೆಕ್ಕ) ತೆಗೆದು ನೋಡೋದು. ನಿಜವಾದ ಅಲೆ ಕಾಣುತ್ತೆ. ಎಸಿ ಅನಾಲಿಸಿಸ್ ಮೇಲೆ ನನಗೆ ಮೊದಲಿಂದಲೂ ನಂಬಿಕೆ ಇಲ್ಲ.

ಜೋಗಿಮಟ್ಟಿ_ಗಾಳಿ
ಒಂದೊಂದು ಫ್ರೀಕ್ವೆನ್ಸಿಗೆ ಒಂದೊಂದು ರನ್. ಪೂರ್ತಿ ಗ್ರಾಫ್ ಬರುವ ಹೊತ್ತಿಗೆ ದುರ್ಗದಲ್ಲಿ ಕರೆಂಟ್ ಹೋಗಿ ಬಂದಿರುತ್ತೆ.

ಆದ್ರೂ ಒಂದು ಕೆಲಸಕ್ಕೆ ಅದೇ ಬೇಕು. ಎಸಿ ಅನಾಲಿಸಿಸ್‌ಗೆ ಕ್ಲಿಪ್ಪಿಂಗ್ ಗೊತ್ತಿಲ್ಲ. ಅದು ಮೊದಲು ಡಿಸಿ ಆಪರೇಟಿಂಗ್ ಪಾಯಿಂಟ್ ಹುಡುಕುತ್ತೆ, ಅಲ್ಲಿ ಸರ್ಕ್ಯೂಟನ್ನು ಲೀನಿಯರ್ ಮಾಡಿಕೊಳ್ಳುತ್ತೆ, ಆಮೇಲೆ ಬರೀ ಲೆಕ್ಕ. ಗೇನ್ 1000 ಇದ್ರೆ 1 ವೋಲ್ಟ್‌ಗೆ 1000 ವೋಲ್ಟ್ ತೋರಿಸುತ್ತೆ, 9 ವೋಲ್ಟ್ ಬ್ಯಾಟರಿ ಇದ್ರೂ. ಎರಡು ಸಿಗ್ನಲ್ ಒಟ್ಟಿಗೆ ಸೇರಿ ಔಟ್‌ಪುಟ್ ಮೇಲೆ ಕೆಳಗೆ ತಲೆ ಹೊಡೆಯುತ್ತಾ ಅನ್ನೋದಕ್ಕೆ ಟ್ರಾನ್ಸಿಯೆಂಟ್. ಇನ್ನೊಂದು ಗೊತ್ತಿರಲಿ, ಸೈನ್ ಅಂತ ಬರೆದ ಬೆಲೆಯನ್ನು ಎಸಿ ಅನಾಲಿಸಿಸ್ ನೋಡೋದೇ ಇಲ್ಲ. ಎಸಿ ಬೆಲೆ ಬೇರೆ ಕೊಡಬೇಕು.

ಬೆಣ್ಣೆದೋಸೆ_ಇಸಿ
9 ವೋಲ್ಟ್ ಬ್ಯಾಟರಿ ಅಂದ್ರಲ್ಲ, ನನ್ನದೂ ಅದೇ. ಐಡಿಯಲ್ ತೆಗೆದು ಟಿಎಲ್072 ಮಾಡೆಲ್ ಹಾಕಿ 9 ವೋಲ್ಟ್ ಒಂದೇ ಸಪ್ಲೈ ಕೊಟ್ಟೆ. ಈಗ ಎರಡು ಕರ್ವ್‌ಗೂ ತಲೆಬುಡ ಇಲ್ಲ 😭

ಮೈಕ್‌ಸೆಟ್_ರಿಪೇರಿ
ಬಯಾಸ್ (ಸಿಗ್ನಲ್ ಕೂರೋಕೆ ನಡುವಿನ ಡಿಸಿ ವೋಲ್ಟೇಜ್) ಕೊಟ್ಟಿಲ್ಲ.

ಜೋಗಿಮಟ್ಟಿ_ಗಾಳಿ
ಅದೇ. ವಿ1ನ ಡಿಸಿ 0 ಇದೆ. ರೆಸಿಸ್ಟರ್‌ಗಳ ಮೂಲಕ ಪ್ಲಸ್ ಪಿನ್ ಕೂಡ 0ಯಲ್ಲಿ ಕೂತಿದೆ, ಅಂದ್ರೆ ಕೆಳಗಿನ ಸಪ್ಲೈಗೆ ಅಂಟಿಕೊಂಡಿದೆ. ಆ ಸ್ಥಿತಿಯಲ್ಲಿ ಲೀನಿಯರ್ ಮಾಡಿದ್ರೆ ಕಸವೇ ಬರೋದು. ಎಸಿ ಓಡಿಸೋ ಮುಂಚೆ ಯಾವಾಗಲೂ ಆಪರೇಟಿಂಗ್ ಪಾಯಿಂಟ್ ನೋಡಿ. ಔಟ್‌ಪುಟ್ 4.5 ವೋಲ್ಟ್ ಹತ್ತಿರ ಇರಬೇಕು. ಸಿಮ್ಯುಲೇಶನ್‌ಗೆ ವಿ1ನಲ್ಲಿ ಡಿಸಿ 4.5, ಎಸಿ 1 ಎರಡೂ ಕೊಡಿ, ಒಂದೇ ಸೋರ್ಸ್‌ಗೆ ಎರಡೂ ಕೊಡಬಹುದು. ನಿಜವಾದ ಬೋರ್ಡ್‌ನಲ್ಲಿ ಎರಡು 100 ಕೆ ಇಂದ 4.5 ಮಾಡಿ ಬಫರ್ ಇನ್‌ಪುಟ್‌ಗೆ ಕೊಡಿ, ಮುಂದೆ ಕಪ್ಲಿಂಗ್ ಕೆಪಾಸಿಟರ್.

ಹೀಗೆ ಬಯಾಸ್, ಕಪ್ಲಿಂಗ್ ಬಂದ ಮೇಲೆ ಎರಡೂ ಒಟ್ಟಿಗೆ ಇಟ್ಟ ಗೆರೆ ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಬಾಗುತ್ತೆ. ಗ್ರೌಂಡ್‌ಗೆ ದಾರಿ ಆಯ್ತಲ್ಲ. ಗಾಬರಿ ಬೇಡ.

ಹರಿಹರದ_ಸೇತುವೆ
ನನ್ನದು ಇಸಿಜಿ ಪ್ರಾಜೆಕ್ಟ್. ಡಿಫರೆನ್ಸ್ ಆಂಪ್ಲಿಫಯರ್‌ಗೂ ಒಂದು ಇನ್‌ಪುಟ್ 1, ಇನ್ನೊಂದು 0 ಕೊಟ್ರೆ ಸಾಕಾ?

ಹಳೇಲ್ಯಾಬ್
ಸಾಕಾಗಲ್ಲ. ಅಲ್ಲಿ ಬೇಕಾದ ಪ್ರಶ್ನೆಗಳೇ ಬೇರೆ. ಡಿಫರೆನ್ಷಿಯಲ್‌ಗೆ ಒಂದಕ್ಕೆ 0.5, ಇನ್ನೊಂದಕ್ಕೆ 0.5 ಮತ್ತು ಫೇಸ್ 180. ಕಾಮನ್ ಮೋಡ್‌ಗೆ ಎರಡಕ್ಕೂ 1, ಫೇಸ್ 0. ಎರಡರ ಅನುಪಾತವೇ ಸಿಎಂಆರ್‌ಆರ್, ಅಂದರೆ ಎರಡೂ ಕಡೆ ಒಂದೇ ಸಮ ಬರುವ ಸಿಗ್ನಲನ್ನು ಎಷ್ಟು ತಡೆಯುತ್ತದೆ ಎನ್ನುವುದು. ಅಲ್ಲಿ ಎರಡೂ ಒಟ್ಟಿಗೆ ಎಸಿ 1 ಕೊಡುವುದೇ ಸರಿಯಾದ ಪರೀಕ್ಷೆ ನೋಡು.

ಮತ್ತೆ, ನಾಲ್ಕು ರೆಸಿಸ್ಟರ್‌ಗೂ ಅಚ್ಚುಕಟ್ಟಾಗಿ 10 ಕೆ ಕೊಟ್ಟರೆ ಸಿಮ್ಯುಲೇಟರ್ ಭಾರೀ ಸಿಎಂಆರ್‌ಆರ್ ತೋರಿಸಿ ಆಸೆ ಹುಟ್ಟಿಸುತ್ತದೆ. 1 ಪರ್ಸೆಂಟ್ ರೆಸಿಸ್ಟರ್‌ಗೆ ಕೆಟ್ಟ ಸಂದರ್ಭದಲ್ಲಿ ಗೇನ್ 1ರ ಸರ್ಕ್ಯೂಟ್‌ನಲ್ಲಿ ಸಿಗುವುದು ಸುಮಾರು 34 ಡಿಬಿ. 50 ಹರ್ಟ್ಜ್ ಹಮ್ ಎದೆಬಡಿತವನ್ನು ನುಂಗುತ್ತದೆ. ಎರಡು ರೆಸಿಸ್ಟರ್ 10.1 ಕೆ, ಎರಡು 9.9 ಕೆ ಅಂತ ಎದುರುಬದುರು ಮಾಡಿ ಓಡಿಸು. ಇನ್ನು ಜನರನ್ನು ಜೋಡಿಸುವುದಾದರೆ ಬ್ಯಾಟರಿಯಲ್ಲೇ ಓಡಿಸು, ಮೇನ್ಸ್‌ಗೆ ಸಿಕ್ಕಿಸಿದ ಸ್ಕೋಪೂ ಬೇಡ.

ಸುಮ್ನೆ_ಓದುವವ
ಈ ಥ್ರೆಡ್‌ನಲ್ಲಿ ಒಂದು ಸೆಮಿಸ್ಟರ್ ಮುಗೀತು. ಫೀಸ್ ಯಾರಿಗೆ ಕೊಡ್ಬೇಕು?

ಮೈಕ್‌ಸೆಟ್_ರಿಪೇರಿ
ಬೆಣ್ಣೆ ದೋಸೆ ಕೊಡಿಸಿ. ಖಾಲಿ ಬೇಡ, ಬೆಣ್ಣೆಯೇ.

ಕೋಟೆಹುಡುಗ
ದುರ್ಗದವರಿಗೆ ಪಾರ್ಸೆಲ್ ಬರುತ್ತಾ?

ಮೈಕ್‌ಸೆಟ್_ರಿಪೇರಿ
ಪಾರ್ಸೆಲ್ ದೋಸೆ ತಿನ್ನೋರ ಹತ್ತಿರ ನಾನು ಮಾತಾಡಲ್ಲ.

ಬೆಣ್ಣೆದೋಸೆ_ಇಸಿ
4.5 ಕೊಟ್ಟ ಮೇಲೆ ಎರಡೂ ಕರ್ವ್ ವಾಪಸ್ ಬಂದವು. ಬಫರ್ ಇಲ್ಲದೆ ಪಾಟ್ ಮಾತ್ರ ಹಾಕಿ ಒಂದು ರನ್, ಬಫರ್ ಹಾಕಿ ಒಂದು ರನ್ ತೆಗೆದಿದ್ದೇನೆ. ಬಫರ್ ಇಲ್ಲದಾಗ ಲೋ ಪಾಸ್ ಇಳಿಜಾರು ಮೇಲೆ ಹೋದಂತೆ ಸೋಮಾರಿ ಆಗ್ತಿದೆ, 40 ಇದ್ದದ್ದು 20 ಕಡೆಗೆ ಬರ್ತಿದೆ. ಅಂಕಲ್ ಹೇಳಿದ ಹಾಗೇ. ಮೂರು ಗ್ರಾಫ್ ಗೈಡ್‌ಗೆ ತೋರಿಸಿದೆ. "ವೈರು ಅಂದಿದ್ದೆನಲ್ಲ, ಯಾಕೆ ವೈರು ಅಂತ ಒಂದು ಪುಟ ಬರೆದುಕೊಂಡು ಬಾ" ಅಂದ್ರು. ಈಗ 22 ನ್ಯಾನೊ ಫಿಲ್ಮ್ ಕೆಪಾಸಿಟರ್ ಹುಡುಕ್ತಿದ್ದೇನೆ. ಇಲ್ಲಿ ಕೇಳಿದ ಕಡೆಯೆಲ್ಲ ಡಿಸ್ಕ್ ಸೆರಾಮಿಕ್ ಕೊಡ್ತಿದ್ದಾರೆ, ನಡೆಯುತ್ತಾ?

ಮೈಕ್‌ಸೆಟ್_ರಿಪೇರಿ
ಬೇಡ. ಬಿಸಿಲಿಗೆ ಅದರ ಕೆಪಾಸಿಟೆನ್ಸ್ ಬದಲಾಗುತ್ತೆ, ಮಾರ್ಚ್‌ನಲ್ಲಿ ಟ್ಯೂನ್ ಮಾಡಿದ್ದು ಡಿಸೆಂಬರ್‌ನಲ್ಲಿ ಇರಲ್ಲ. ಹಳೇ ಟ್ಯೂಬ್ ಟಿವಿ ಬೋರ್ಡ್ ಇದ್ರೆ ಬಿಚ್ಚು, ಪಾಲಿಯೆಸ್ಟರ್ ರಾಶಿ ಸಿಗುತ್ತೆ. 223 ಅಂತ ಬರೆದಿರುತ್ತೆ. ಹಾಕೋ ಮುಂಚೆ ಮೀಟರ್‌ನಲ್ಲಿ ಅಳೆದುಕೋ.

ಬೆಣ್ಣೆದೋಸೆ_ಇಸಿ
ಅಜ್ಜಿ ಮನೆ ಅಟ್ಟದಲ್ಲಿ ಒಂದು ಟಿವಿ ಇದೆ. ಭಾನುವಾರ ಇಳಿಸ್ತೀನಿ.

ಹಳೇಲ್ಯಾಬ್
ಪಿಕ್ಚರ್ ಟ್ಯೂಬ್ ಹತ್ತಿರ ಕೈ ಹಾಕುವ ಮುಂಚೆ ಡಿಸ್ಚಾರ್ಜ್ ಮಾಡುವುದು ಗೊತ್ತಿರುವವರನ್ನು ಜೊತೆಗಿಟ್ಟುಕೋ.